ಲಾರಿಗೆ ಬಂದ ನಡುಕ

ಕಾಯಿಲೆಯವನ ಬಳಿಗೆ ಬಂದ ವೈದ್ಯನು ಮೊದಲು ಮಾಡುವ ಕೆಲಸ ಯಾವುದು? ರೋಗಿಯ ಮಣಿಕಟ್ಟನ್ನು ಹಿಡಿದು, ಗಡಿಯಾರವನ್ನು ನೋಡುತ್ತ, ನಾಡಿಯನ್ನು ಎಣಿಸುತ್ತಾನೆ. ಔಷಧದ ಮಾತು ಆಮೇಲೆ. ರೋಗಿಯನ್ನು ಪರೀಕ್ಷಿಸದೆ ಔಷಧ ಕೊಡುವ ವೈದ್ಯನನ್ನು ಯಾರೂ ನಂಬುವುದಿಲ್ಲ. ಆದರೆ ಯಂತ್ರಕ್ಕೆ ಕಾಯಿಲೆ ಬಂದಾಗ ಈ ವಿವೇಕವು ನಮಗೆ ಮರೆತುಹೋಗುವುದುಂಟು. ಇದಿರಬಹುದೆಂದು ಒಂದು ಭಾಗವನ್ನು ಬದಲಿಸುತ್ತೇವೆ. ಅದರಿಂದ ಗುಣವಾಗದಿದ್ದರೆ ಇನ್ನೊಂದನ್ನು. ಅದೂ ಅಲ್ಲವೆಂದಾದರೆ ಮತ್ತೊಂದನ್ನು. ಯಂತ್ರದ ನಡುಕಕ್ಕೂ ಒಂದು ನಾಡಿಯುಂಟು, ಅದನ್ನೂ ಎಣಿಸಬಹುದು, ಎಣಿಸಿದರೆ ರೋಗವು ಯಾವ ಅಂಗದಲ್ಲಿದೆಯೆಂಬುದನ್ನು ಬಹುಮಟ್ಟಿಗೆ ತಿಳಿಯಬಹುದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕೆಲವು ತಿಂಗಳುಗಳ ಹಿಂದೆ, ನಾವು ತರಗತಿಯಲ್ಲಿ ಅನುರಣನೆಯ ಪಾಠವನ್ನು ಮುಗಿಸಿ ಹೊರಗೆ ಬರುತ್ತಿದ್ದಾಗ, ವಿದ್ಯಾರ್ಥಿಯೊಬ್ಬನು ನಮ್ಮನ್ನು ನಿಲ್ಲಿಸಿ, “ಸಾರ್, ನಡುಗುವ ವಸ್ತುವನ್ನು ನೋಡಿ, ಅದನ್ನು ನಡುಗಿಸುತ್ತಿರುವುದು ಯಾವುದೆಂದು ಹೇಳಲು ಬರುತ್ತದೆಯೆ?” ಎಂದು ಕೇಳಿದನು. ವಿಚಾರಿಸಿದಾಗ ವಿಷಯ ತಿಳಿಯಿತು. ಅವನ ತಂದೆಯವರಿಗೆ ಒಂದು ಲಾರಿಯಿದೆ. ಅದನ್ನು ಅವರೇ ಓಡಿಸುತ್ತಾರೆ. ವೇಗವು ಗಂಟೆಗೆ 50 ಕಿಲೋಮೀಟರನ್ನು ದಾಟಿದೊಡನೆ ಲಾರಿಗೆ ನಡುಕ ಹಿಡಿಯುತ್ತದೆ. 58ರ ಸುಮಾರಿಗೆ ಅದು ಅತ್ಯಂತ ಹೆಚ್ಚು. ಕಾಲಿನ ಕೆಳಗಿನ ತಗಡು ಗುಯ್ಯೆನ್ನುತ್ತದೆ. ಕನ್ನಡಿಯಲ್ಲಿ ಹಿಂದಿನ ವಾಹನ ಕಾಣುವುದಿಲ್ಲ. ಎರಡು ಗಂಟೆ ಓಡಿಸಿದರೆ ಪಾದಗಳು ಜೋಮು ಹಿಡಿಯುತ್ತವೆ. ಮೊದಲು ಟೈರುಗಳ ದೋಷವೆಂದರು; ಎರಡು ಟೈರುಗಳನ್ನು ಬದಲಿಸಿದ್ದಾಯಿತು. ಬಳಿಕ ಎಂಜಿನ್ನನ್ನು ಹೊತ್ತಿರುವ ರಬ್ಬರುಗಳೆಂದರು, ಅವೂ ಹೊಸವಾದವು. ಆಮೇಲೆ ಕ್ಲಚ್ ಪ್ಲೇಟು. ಹೀಗೆ ನಲವತ್ತು ಸಾವಿರ ರೂಪಾಯಿಗಳಿಗೆ ಮೇಲೆ ಖರ್ಚಾಗಿತ್ತು, ನಡುಕ ಮಾತ್ರ ಇದ್ದಂತೆಯೇ ಇತ್ತು. ಈಗ ಹಿಂದಿನ ಅಚ್ಚಿನ ಕ್ರೌನ್ ಮತ್ತು ಪಿನಿಯನ್‌ಗಳನ್ನು ಬದಲಿಸಬೇಕೆಂಬ ಮಾತು ನಡೆದಿತ್ತು. ಅದು ಹಿಂದಿನ ಎಲ್ಲಕ್ಕಿಂತಲೂ ದೊಡ್ಡ ವೆಚ್ಚ. ಬ್ಯಾಂಕಿನ ಎರಡು ಕಂತುಗಳು ಆಗಲೇ ನಿಂತಿದ್ದವು. “ಇದರಿಂದಲೂ ಸರಿಹೋಗದಿದ್ದರೆ ಅಪ್ಪ ಲಾರಿಯನ್ನು ಮಾರುತ್ತಾರಂತೆ, ಸಾರ್. ಆಮೇಲೆ ನಾನು ಕಾಲೇಜಿಗೆ ಬರುವುದು ಹೇಗೋ ಗೊತ್ತಿಲ್ಲ” ಎಂದು ಹುಡುಗನು ತಲೆತಗ್ಗಿಸಿದನು.

ಮುಂದಿನ ಭಾನುವಾರ ನಾವು ಆ ಲಾರಿಯನ್ನು ನೋಡಲು ಹೋದೆವು.

ಎಂಜಿನ್ನಿನಿಂದ ಚಕ್ರದವರೆಗೆ

ಪರೀಕ್ಷೆಗೆ ಮೊದಲು, ಲಾರಿಯಲ್ಲಿ ಶಕ್ತಿಯು ಸಾಗುವ ದಾರಿಯನ್ನು ತಿಳಿದುಕೊಳ್ಳಬೇಕು. ಮುಂಭಾಗದಲ್ಲಿ ಎಂಜಿನ್. ಅದರ ತಿರುಗುವ ದಂಡವು ಕ್ಲಚ್ಚಿನ ಮೂಲಕ ಗೇರುಪೆಟ್ಟಿಗೆಯನ್ನು ಸೇರುತ್ತದೆ. ಗೇರುಪೆಟ್ಟಿಗೆಯಿಂದ ಹೊರಟ ಉದ್ದನೆಯ ಕೊಳವೆಯಂತಹ ದಂಡವು ಲಾರಿಯ ಹೊಟ್ಟೆಯ ಕೆಳಗೆ ಹಿಂದಕ್ಕೆ ಸಾಗುತ್ತದೆ. ಇದೇ ಪ್ರೊಪೆಲ್ಲರ್ ಷಾಫ್ಟು. ಬಹಳ ಉದ್ದವಾದ ದಂಡವು ವೇಗವಾಗಿ ತಿರುಗಿದರೆ ನಡುವಿನಲ್ಲಿ ಬಾಗಿ ಹಗ್ಗದಂತೆ ಬೀಸತೊಡಗುತ್ತದೆ. ಆದುದರಿಂದ ಉದ್ದದ ಲಾರಿಗಳಲ್ಲಿ ಷಾಫ್ಟನ್ನು ಎರಡು ತುಂಡುಗಳಾಗಿ ಮಾಡಿ, ನಡುವೆ ರಬ್ಬರಿನ ಆಧಾರವುಳ್ಳ ಸೆಂಟರ್ ಬೇರಿಂಗನ್ನು ಇಡುತ್ತಾರೆ. ಹಿಂದಿನ ತುಂಡಿನ ಎರಡು ತುದಿಗಳಲ್ಲಿಯೂ ಒಂದೊಂದು ಕ್ರಾಸ್ ಜಾಯಿಂಟು ಇರುತ್ತದೆ. ಹಿಂದಿನ ಅಚ್ಚು ಸ್ಪ್ರಿಂಗುಗಳ ಮೇಲೆ ಏರಿಳಿಯುವಾಗ ಷಾಫ್ಟು ಓರೆಯಾಗುತ್ತದೆಯಷ್ಟೆ. ಓರೆಯಾದರೂ ತಿರುಗುತ್ತಲೇ ಇರಲು ಈ ಕೀಲುಗಳು ಬೇಕು. ಅಚ್ಚು ಏರಿಳಿದಾಗ ಷಾಫ್ಟಿನ ಉದ್ದವೂ ಸ್ವಲ್ಪ ಹೆಚ್ಚುಕಡಿಮೆಯಾಗಬೇಕು. ಅದಕ್ಕಾಗಿ ಉದ್ದುದ್ದ ಹಲ್ಲುಗಳುಳ್ಳ ಒಂದು ಭಾಗವು ಇನ್ನೊಂದರೊಳಗೆ ಜಾರುವಂತಹ ಸ್ಲಿಪ್ ಜಾಯಿಂಟು ಇರುತ್ತದೆ. ಕೊನೆಯಲ್ಲಿ, ಷಾಫ್ಟು ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನೂ, ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನೂ ತಿರುಗಿಸಿ, ಶಕ್ತಿಯು ಹಿಂದಿನ ಚಕ್ರಗಳನ್ನು ಮುಟ್ಟುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಇಷ್ಟೆ: ಈ ಭಾಗಗಳೆಲ್ಲವೂ ತಿರುಗುತ್ತವೆ, ಆದರೆ ಎಲ್ಲವೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಯಾವ ಭಾಗದಲ್ಲಿ ದೋಷವಿದೆಯೋ ಅದು ತನ್ನ ತಿರುಗುವಿಕೆಯ ಲೆಕ್ಕಕ್ಕೆ ಸರಿಯಾಗಿ ಲಾರಿಯನ್ನು ತಳ್ಳುತ್ತದೆ. ಒಂದು ಚಕ್ರದ ಒಂದು ಬದಿ ಭಾರವಾಗಿದ್ದರೆ ಚಕ್ರದ ಸುತ್ತಿಗೊಂದು ತಳ್ಳು. ಷಾಫ್ಟಿನ ಒಂದು ಬದಿ ಭಾರವಾಗಿದ್ದರೆ ಷಾಫ್ಟಿನ ಸುತ್ತಿಗೊಂದು ತಳ್ಳು. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ತಳ್ಳಿದೆಯೆಂಬುದು ಆ ನಡುಕದ ಕಂಪನಸಂಖ್ಯೆ.

ಸೀಮೆಸುಣ್ಣ ಮತ್ತು ಗುಣಾಕಾರ

ಮೊದಲು ಚಕ್ರದ ಲೆಕ್ಕ. ವಿದ್ಯಾರ್ಥಿಯು ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆಯೆಳೆದನು. ಲಾರಿಯನ್ನು ಮೆಲ್ಲನೆ ನಡೆಸಿ, ಗೆರೆಯು ಹತ್ತು ಸಲ ನೆಲವನ್ನು ಮುಟ್ಟುವವರೆಗಿನ ದೂರವನ್ನು ಅಳೆದೆವು. 32 ಮೀಟರ್ ಆಯಿತು. ಎಂದರೆ ಒಂದು ಸುತ್ತಿಗೆ 3.2 ಮೀಟರ್. ಟೈರಿನ ವ್ಯಾಸವನ್ನು ಅಳೆದು ಸೂತ್ರದಿಂದ ಗುಣಿಸುವುದಕ್ಕಿಂತ ಇದು ಉತ್ತಮವಾದ ವಿಧಾನ. ಏಕೆಂದರೆ ಭಾರಕ್ಕೆ ಟೈರು ತಗ್ಗುವುದೂ ಇದರಲ್ಲಿ ಸೇರಿಕೊಂಡಿರುತ್ತದೆ.

ಗಂಟೆಗೆ 58 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16.1 ಮೀಟರ್. ಇದನ್ನು 3.2ರಿಂದ ಭಾಗಿಸಿದರೆ ಚಕ್ರವು ಸೆಕೆಂಡಿಗೆ ಸುಮಾರು 5 ಸುತ್ತು ತಿರುಗುತ್ತದೆಯೆಂದು ತಿಳಿಯುತ್ತದೆ. ಈ ಲಾರಿಯ ಕ್ರೌನಿನಲ್ಲಿ 41 ಹಲ್ಲುಗಳು, ಪಿನಿಯನ್ನಿನಲ್ಲಿ 7. ಆದುದರಿಂದ ಚಕ್ರವು 7 ಸುತ್ತು ತಿರುಗುವಷ್ಟರಲ್ಲಿ ಷಾಫ್ಟು 41 ಸುತ್ತು ತಿರುಗಿರುತ್ತದೆ. ಸೆಕೆಂಡಿಗೆ 29.5 ಸುತ್ತು, ಅಥವಾ ನಿಮಿಷಕ್ಕೆ 1,770. ಈ ಗೇರುಪೆಟ್ಟಿಗೆಯ ಕೊನೆಯ ಗೇರಿನಲ್ಲಿ ಎಂಜಿನ್ನೂ ಷಾಫ್ಟೂ ಸಮವೇಗದಲ್ಲಿ ತಿರುಗುತ್ತವೆ. ಹಾಗಾಗಿ ಎಂಜಿನ್ನಿನ ಲೆಕ್ಕವೂ 29.5. ಎಂಜಿನ್ನಿನಲ್ಲಿ ಆರು ಸಿಲಿಂಡರುಗಳಿವೆ. ನಾಲ್ಕು ಹೊಡೆತದ ಎಂಜಿನ್ನಾದುದರಿಂದ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಎರಡು ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. ಹೀಗೆ ಸುತ್ತಿಗೆ ಮೂರು ಹೊಡೆತಗಳಂತೆ ಸೆಕೆಂಡಿಗೆ 88.5 ಹೊಡೆತಗಳು. ಕ್ರೌನ್ ಮತ್ತು ಪಿನಿಯನ್‌ಗಳ ಹಲ್ಲಿಗೆ ಹಲ್ಲು ತಾಗುವುದು ಪಿನಿಯನ್ನಿನ ಸುತ್ತಿಗೆ 7 ಸಲ. ಎಂದರೆ ಸೆಕೆಂಡಿಗೆ ಸುಮಾರು 206 ಸಲ.

ವಿದ್ಯಾರ್ಥಿಯು ಇವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡನು: ಚಕ್ರ 5, ಷಾಫ್ಟು ಮತ್ತು ಎಂಜಿನ್ 29.5, ಎಂಜಿನ್ನಿನ ಹೊಡೆತ 88.5, ಹಲ್ಲುಗಳು 206. ಇನ್ನು ಉಳಿದುದು, ನಡುಕದ ನಾಡಿಯನ್ನು ಎಣಿಸಿ, ಅದು ಇವುಗಳಲ್ಲಿ ಯಾವುದಕ್ಕೆ ಹೊಂದುತ್ತದೆಯೆಂದು ನೋಡುವುದು. ಸೆಕೆಂಡಿಗೆ 5 ಸಲದ ಅಲುಗಾಟವನ್ನು ಮೈಯೇ ಗುರುತಿಸೀತು. ಆದರೆ ಕಾಲಿನ ಕೆಳಗೆ ಗುಯ್ಯೆನ್ನುವ ನಡುಕವು 30ರದೋ 90ರದೋ ಎಂಬುದನ್ನು ಮೈಯು ಹೇಳಲಾರದು. ಅದಕ್ಕೆ ಉಪಕರಣವೊಂದು ಬೇಕು.

ನಲವತ್ತೊಂದರ ಮೋಸ

ಇಂದು ಆ ಉಪಕರಣ ನಮ್ಮೆಲ್ಲರ ಜೇಬಿನಲ್ಲಿದೆ. ಮೊಬೈಲ್ ಫೋನಿನೊಳಗೆ ವೇಗೋತ್ಕರ್ಷವನ್ನು ಅಳೆಯುವ ಒಂದು ಸಣ್ಣ ಬಿಲ್ಲೆಯಿರುತ್ತದೆ. ಸಿಲಿಕಾನಿನಿಂದ ಮಾಡಿದ ಕೂದಲೆಳೆಯಂತಹ ಸ್ಪ್ರಿಂಗುಗಳಿಗೆ ಕಟ್ಟಿದ ಅತಿ ಚಿಕ್ಕ ತೂಕವೊಂದು ಅದರಲ್ಲಿರುತ್ತದೆ. ಫೋನು ಅಲುಗಿದಾಗ ತೂಕವು ಹಿಂದುಳಿಯುತ್ತದೆ. ಆ ಚಲನೆಯಿಂದಾಗುವ ವಿದ್ಯುತ್ ಧಾರಣೆಯ ವ್ಯತ್ಯಾಸವನ್ನು ಫೋನು ಅಳೆಯುತ್ತದೆ. ಯಾವ ತೊಡಕಾದ ಕಂಪನವನ್ನಾದರೂ ಸರಳ ಕಂಪನಗಳ ಮೊತ್ತವೆಂದು ಬಿಡಿಸಬಹುದು. ಈ ವಿಧಾನಕ್ಕೆ ತಳಹದಿಯನ್ನು ಹಾಕಿದವನು ಫ್ರಾನ್ಸಿನ ಗಣಿತಜ್ಞ ಫೂರಿಯೇ, 1822ರಲ್ಲಿ ಉಷ್ಣವನ್ನು ಕುರಿತು ಬರೆದ ಗ್ರಂಥದಲ್ಲಿ. ಅದೇ ಗಣಿತವನ್ನು ಫೋನು ಕ್ಷಣಾರ್ಧದಲ್ಲಿ ಮಾಡಿ, ಯಾವ ಕಂಪನಸಂಖ್ಯೆಯ ನಡುಕ ಎಷ್ಟಿದೆಯೆಂಬ ನಕ್ಷೆಯನ್ನು ತೋರಿಸುತ್ತದೆ.

ಚಾಲಕನ ಆಸನದ ಕೆಳಗಿನ ಲೋಹಕ್ಕೆ ಫೋನನ್ನು ಬಿಗಿಯಾಗಿ ಕಟ್ಟಿ, ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಮತಟ್ಟಾದ ಭಾಗವೊಂದನ್ನು ಆರಿಸಿಕೊಂಡೆವು. ಲಾರಿಯು ಖಾಲಿಯಾಗಿತ್ತು. ವಿದ್ಯಾರ್ಥಿಯ ತಂದೆಯವರು 58ರಲ್ಲಿ ವೇಗವನ್ನು ನಿಲ್ಲಿಸಿದರು. ನಡುಕ ಬಂದಿತು. ನಕ್ಷೆಯಲ್ಲಿ ಒಂದು ಶಿಖರ ಎದ್ದುನಿಂತಿತು: ಸೆಕೆಂಡಿಗೆ 41.

“ಸಾರ್, ಕ್ರೌನಿಗೆ 41 ಹಲ್ಲು!” ಎಂದು ವಿದ್ಯಾರ್ಥಿಯು ಕೂಗಿಕೊಂಡನು. ತಂದೆಯವರ ಮುಖ ಕಂದಿತು. ನಿಜವನ್ನು ಹೇಳಬೇಕಾದರೆ ನಾವೂ ಒಂದು ಕ್ಷಣ ಮೋಸಹೋದೆವು. ಆದರೆ ಎರಡು ಅಂಕಗಳು ಸಮವಾದ ಮಾತ್ರಕ್ಕೆ ಎರಡರ ಅರ್ಥವೂ ಒಂದೇ ಆಗುವುದಿಲ್ಲ. 41 ಎಂಬುದು ಕ್ರೌನಿನ ಒಂದು ಸುತ್ತಿನಲ್ಲಿರುವ ಹಲ್ಲುಗಳ ಲೆಕ್ಕ. ಅದು ಸೆಕೆಂಡಿನ ಲೆಕ್ಕವಲ್ಲ. ಹಲ್ಲುಗಳು ಸೆಕೆಂಡಿಗೆ 41 ಸಲ ತಾಗಬೇಕಾದರೆ ಕ್ರೌನು ಸೆಕೆಂಡಿಗೆ ಒಂದೇ ಸುತ್ತು ತಿರುಗಬೇಕು; ಆಗ ಲಾರಿಯ ವೇಗ ಗಂಟೆಗೆ ಹನ್ನೊಂದೂವರೆ ಕಿಲೋಮೀಟರ್ ಮಾತ್ರ ಆಗಿರುತ್ತದೆ. ಆದುದರಿಂದ ಇದು ಕ್ರೌನಿನ ಹಲ್ಲುಗಳ ದನಿಯಲ್ಲ. ಹಾಗಾದರೆ ಮತ್ತೇನು? ನಮ್ಮ ಪಟ್ಟಿಯಲ್ಲಿ 41ಕ್ಕೆ ಹತ್ತಿರವಾದ ಅಂಕವೇ ಇರಲಿಲ್ಲ.

ಇಂತಹ ಸಂದರ್ಭದಲ್ಲಿ ಮಾಡಬೇಕಾದುದು ಊಹೆಯಲ್ಲ, ಇನ್ನೊಂದು ಅಳತೆ. ವೇಗವನ್ನು 54ಕ್ಕೆ ಇಳಿಸಿದೆವು. ಶಿಖರವು 45ಕ್ಕೆ ಸರಿಯಿತು. 62ಕ್ಕೆ ಏರಿಸಿದೆವು. ಶಿಖರವು 37ಕ್ಕೆ ಇಳಿಯಿತು. ಲಾರಿಯು ವೇಗವಾಗಿ ಹೋದಷ್ಟೂ ನಿಧಾನವಾಗಿ ತಿರುಗುವ ಭಾಗ ಲಾರಿಯಲ್ಲಿ ಯಾವುದಿದೆ? ಯಾವುದೂ ಇಲ್ಲ. ದೋಷವಿದ್ದುದು ನಮ್ಮ ಎಣಿಕೆಯಲ್ಲಿಯೇ.

ಸಿನೆಮಾದಲ್ಲಿ ಗಾಡಿಯು ಮುಂದಕ್ಕೆ ಓಡುತ್ತಿದ್ದರೂ ಅದರ ಚಕ್ರದ ಅರಗಳು ಹಿಂದಕ್ಕೆ ತಿರುಗುವಂತೆ ಕಾಣುವುದನ್ನು ಓದುಗರು ನೋಡಿರಬಹುದು. ಕಾರಣವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಬ್ಬನು ಸರಿಯಾಗಿ 55 ನಿಮಿಷಕ್ಕೊಮ್ಮೆ ಗಡಿಯಾರದ ಕಡೆಗೆ ನೋಡುತ್ತಾನೆ, ಅದೂ ನಿಮಿಷದ ಮುಳ್ಳನ್ನು ಮಾತ್ರ, ಎಂದಿಟ್ಟುಕೊಳ್ಳೋಣ. ಪ್ರತಿ ಸಲವೂ ಮುಳ್ಳು ಹಿಂದಿನ ಸಲಕ್ಕಿಂತ ಐದು ನಿಮಿಷ ಹಿಂದೆ ಇರುತ್ತದೆ. ಮುಳ್ಳು ಹಿಂದಕ್ಕೆ ತಿರುಗುತ್ತಿದೆಯೆಂದೇ ಅವನು ನಂಬುತ್ತಾನೆ. ನಮ್ಮ ಫೋನಿನ ಅಳತೆಯನ್ನು ಸೆಕೆಂಡಿಗೆ 100 ಸಲಕ್ಕೆ ಹೊಂದಿಸಿದ್ದೆವು. ಸೆಕೆಂಡಿಗೆ 100 ಸಲ ಮಾತ್ರ ನೋಡುವವನಿಗೆ 59ರ ನಡುಕವೂ 41ರ ನಡುಕವೂ ಒಂದೇ ಬಗೆಯಾಗಿ ಕಾಣುತ್ತವೆ. ಏಕೆಂದರೆ ಅವೆರಡರ ಮೊತ್ತ 100. ನಿಜವಾದ ನಡುಕವು 59ರಿಂದ 63ಕ್ಕೆ ಏರಿದರೆ ಅದರ ನೆರಳು 41ರಿಂದ 37ಕ್ಕೆ ಇಳಿಯುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಕಂಪನಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಸಲ ನೋಡಬೇಕೆಂಬುದು ನಿಯಮ. 1928ರಲ್ಲಿ ಹ್ಯಾರಿ ನೈಕ್ವಿಸ್ಟನು ತಂತಿಸಂದೇಶಗಳ ವಿಷಯವಾಗಿ ಬರೆದ ಲೇಖನದಲ್ಲಿ ಇದರ ಮೂಲವಿದೆ. 1949ರಲ್ಲಿ ಕ್ಲಾಡ್ ಷ್ಯಾನನ್ ಇದನ್ನು ಸ್ಪಷ್ಟವಾಗಿ ನಿರೂಪಿಸಿದನು. ಪಾಠ ಹೇಳುವ ನಾವೇ ಅದನ್ನು ಮರೆತಿದ್ದೆವು!

ಅಳತೆಯನ್ನು ಸೆಕೆಂಡಿಗೆ 200 ಸಲಕ್ಕೆ ಏರಿಸಿ ಮತ್ತೆ ಓಡಿಸಿದೆವು. 54ರ ವೇಗದಲ್ಲಿ 55, 58ರಲ್ಲಿ 59, 62ರಲ್ಲಿ 63. ಈಗ ಎಲ್ಲವೂ ಕ್ರಮಕ್ಕೆ ಬಂದವು. 59 ಎಂದರೆ 29.5ರ ಸರಿಯಾದ ಇಮ್ಮಡಿ.

ಗೇರನ್ನು ಬದಲಿಸಿ ನೋಡಿದುದು

ಆದರೆ ಕೊನೆಯ ಗೇರಿನಲ್ಲಿ ಷಾಫ್ಟಿನ ಲೆಕ್ಕವೂ 29.5, ಎಂಜಿನ್ನಿನ ಲೆಕ್ಕವೂ 29.5. ತಪ್ಪಿತಸ್ಥರು ಇಬ್ಬರಲ್ಲಿ ಯಾರು? ಮೊದಲು ಲಾರಿಯನ್ನು ನಿಲ್ಲಿಸಿ, ಗೇರಿಲ್ಲದೆ ಎಂಜಿನ್ನನ್ನು ನಿಮಿಷಕ್ಕೆ 1,770 ಸುತ್ತಿನ ವೇಗಕ್ಕೆ ತಂದೆವು. ನಡುಕವಿರಲಿಲ್ಲ. ಇಷ್ಟರಿಂದಲೇ ಎಂಜಿನ್ನನ್ನು ನಿರ್ದೋಷಿಯೆನ್ನಲಾಗದು. ಹೊರೆಯಿಲ್ಲದಾಗ ಸುಮ್ಮನಿದ್ದು ಹೊರೆ ಬಿದ್ದಾಗ ನಡುಗುವ ಎಂಜಿನ್ನುಗಳೂ ಉಂಟು. ಆದುದರಿಂದ ಎರಡನೆಯ ಪರೀಕ್ಷೆ: ಅದೇ 58ರ ವೇಗದಲ್ಲಿ, ಒಂದು ಗೇರು ಕೆಳಗಿಳಿಸಿ ಓಡಿಸುವುದು. ಆಗ ಚಕ್ರದ ಮತ್ತು ಷಾಫ್ಟಿನ ವೇಗ ಮೊದಲಿನಷ್ಟೇ ಇರುತ್ತದೆ. ಎಂಜಿನ್ನಿನ ವೇಗ ಮಾತ್ರ ನಿಮಿಷಕ್ಕೆ 2,400ಕ್ಕೆ ಏರುತ್ತದೆ. ನಡುಕವು ಎಂಜಿನ್ನಿನದಾಗಿದ್ದರೆ ಶಿಖರವು 80ಕ್ಕೆ ಸರಿಯಬೇಕು. ಷಾಫ್ಟಿನದಾಗಿದ್ದರೆ 59ರಲ್ಲಿಯೇ ನಿಲ್ಲಬೇಕು.

ಅದು 59ರಲ್ಲಿಯೇ ನಿಂತಿತು.

ಹೊಸ ಕ್ಲಚ್ ಪ್ಲೇಟೂ ಎಂಜಿನ್ನಿನ ಹೊಸ ರಬ್ಬರುಗಳೂ ಅನಾವಶ್ಯಕವಾಗಿದ್ದವೆಂದು ಇದರಿಂದ ತಿಳಿಯಿತು. ಟೈರುಗಳೂ ಅಲ್ಲ, ಅವುಗಳ ಲೆಕ್ಕ 5. ಷಾಫ್ಟಿನ ಒಂದು ಬದಿ ಭಾರವಾಗಿದ್ದರೆ ಸುತ್ತಿಗೊಂದು ತಳ್ಳು, ಎಂದರೆ 29.5 ಕಾಣಬೇಕಾಗಿತ್ತು. ಕಂಡುದು ಸುತ್ತಿಗೆ ಎರಡು. ಸುತ್ತಿಗೆ ಎರಡು ಸಲ ತಳ್ಳುವ ವಸ್ತು ಷಾಫ್ಟಿನಲ್ಲಿ ಯಾವುದು? ಕ್ರಾಸ್ ಜಾಯಿಂಟು.

ಕ್ರಾಸ್ ಜಾಯಿಂಟಿನ ಸ್ವಭಾವ

ಟ್ರ್ಯಾಕ್ಟರಿನ ಹಿಂದೆ ರೋಟವೇಟರನ್ನು ತಿರುಗಿಸುವ ದಂಡವನ್ನು ಹಳ್ಳಿಯ ಓದುಗರು ನೋಡಿಯೇ ಇರುತ್ತಾರೆ. ರೋಟವೇಟರು ನೆಲದಲ್ಲಿರುವಾಗ ದಂಡವು ಸದ್ದಿಲ್ಲದೆ ತಿರುಗುತ್ತದೆ. ತಿರುಗುತ್ತಿರುವಂತೆಯೇ ಅದನ್ನು ಮೇಲಕ್ಕೆತ್ತಿದರೆ, ದಂಡದ ಓರೆ ಹೆಚ್ಚಿ, ಕಟಕಟನೆ ಒದರತೊಡಗುತ್ತದೆ. ಅದರ ಕೀಲುಗಳೂ ಕ್ರಾಸ್ ಜಾಯಿಂಟುಗಳೇ. ಎರಡು ದಂಡಗಳ ತುದಿಗಳಲ್ಲಿ ಒಂದೊಂದು ಕವೆ; ಎರಡು ಕವೆಗಳನ್ನೂ ಕೂಡಿಸುವುದು ಅಧಿಕ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡು. ಇಟಲಿಯ ಕಾರ್ಡಾನೊ ಮತ್ತು ಇಂಗ್ಲೆಂಡಿನ ರಾಬರ್ಟ್ ಹುಕ್ ಇವರಿಬ್ಬರ ಹೆಸರುಗಳಿಂದಲೂ ಇದನ್ನು ಕರೆಯುತ್ತಾರೆ. ಸ್ಪ್ರಿಂಗಿನ ನಿಯಮವನ್ನು ಕಂಡುಹಿಡಿದ ಹುಕ್ಕನೇ ಇವನು.

ಈ ಕೀಲಿಗೆ ಒಂದು ವಿಚಿತ್ರ ಗುಣವುಂಟು. ಎರಡು ದಂಡಗಳೂ ಒಂದೇ ನೇರದಲ್ಲಿದ್ದರೆ ಎರಡೂ ಸಮನಾಗಿ ತಿರುಗುತ್ತವೆ. ಓರೆಯಾಗಿದ್ದರೆ, ಮೊದಲ ದಂಡವು ಒಂದೇ ವೇಗದಲ್ಲಿ ತಿರುಗುತ್ತಿದ್ದರೂ, ಎರಡನೆಯದು ಒಮ್ಮೆ ಮುಂದೋಡಿ ಒಮ್ಮೆ ಹಿಂದುಳಿಯುತ್ತ ತಿರುಗುತ್ತದೆ. ಒಂದು ಪೂರ್ತಿ ಸುತ್ತಿನ ಕೊನೆಗೆ ಎರಡೂ ಸಮವೇ. ಸುತ್ತಿನ ಒಳಗೆ ಮಾತ್ರ ಈ ಏರಿಳಿತ. ಅದು ಸುತ್ತಿಗೆ ಎರಡು ಸಲ ಏಕೆ? ಕವೆಗೆ ಇರುವುದು ಎದುರುಬದುರಾದ ಎರಡು ತೋಳುಗಳು. ಅರ್ಧ ಸುತ್ತು ತಿರುಗಿದಾಗ ಮೇಲಿನ ತೋಳು ಕೆಳಗೆ, ಕೆಳಗಿನದು ಮೇಲೆ. ಆದರೆ ಕೀಲಿನ ಆಕಾರ ಮೊದಲಿನಂತೆಯೇ. ಆದುದರಿಂದ ಅರ್ಧ ಸುತ್ತಿನಲ್ಲಿ ನಡೆದುದೇ ಉಳಿದರ್ಧದಲ್ಲಿಯೂ ನಡೆಯಬೇಕು.

ಏರಿಳಿತದ ಪ್ರಮಾಣವು ಓರೆಯ ಕೋನವನ್ನು ಅವಲಂಬಿಸಿದೆ. ಕೋನದ ಕೊಸೈನಿನಿಂದ ಗುಣಿಸಿದರೆ ಅತಿ ಕಡಿಮೆಯ ವೇಗ, ಭಾಗಿಸಿದರೆ ಅತಿ ಹೆಚ್ಚಿನ ವೇಗ. ನಮ್ಮ ಲಾರಿಯು ಖಾಲಿಯಿದ್ದಾಗ ಹಿಂದಿನ ಷಾಫ್ಟಿನ ಓರೆ ಸುಮಾರು 7 ಡಿಗ್ರಿಗಳು. ಹಾಗಾದರೆ ನಿಮಿಷಕ್ಕೆ 1,770ರ ವೇಗವು 1,757 ಮತ್ತು 1,783ರ ನಡುವೆ, ಸೆಕೆಂಡಿಗೆ 59 ಸಲ, ಏರಿಳಿಯುತ್ತಿರುತ್ತದೆ.

ಹೀಗಿದ್ದರೆ ಎಲ್ಲ ಲಾರಿಗಳೂ ನಡುಗಬೇಕಲ್ಲವೆ ಎಂಬ ಸಂಶಯ ಓದುಗರಿಗೆ ಬರಬಹುದು. ಷಾಫ್ಟಿನ ಎರಡು ತುದಿಗಳಲ್ಲಿಯೂ ಕೀಲುಗಳಿರುವುದರ ಪ್ರಯೋಜನ ಇಲ್ಲಿದೆ. ಮೊದಲ ಕೀಲಿನಲ್ಲಿ ಷಾಫ್ಟು ತಿರುಗಿಸಲ್ಪಡುವುದು. ಎರಡನೆಯದರಲ್ಲಿ ಅದೇ ತಿರುಗಿಸುವುದು. ಷಾಫ್ಟಿನ ಎರಡು ತುದಿಗಳ ಕವೆಗಳೂ ಒಂದೇ ಸಮತಲದಲ್ಲಿದ್ದು, ಎರಡು ಕೀಲುಗಳ ಓರೆಯೂ ಸಮನಾಗಿದ್ದರೆ, ಮೊದಲನೆಯದು ಕೊಟ್ಟ ಹೆಚ್ಚಳವನ್ನು ಎರಡನೆಯದು ಅದೇ ಕ್ಷಣದಲ್ಲಿ ಕಳೆದುಬಿಡುತ್ತದೆ. ನಡುವಿನ ಷಾಫ್ಟು ಮಾತ್ರ ಏರಿಳಿಯುತ್ತದೆ. ಪಿನಿಯನ್ನಿಗೆ ತಲುಪುವುದು ಸಮವೇಗ. ಆದರೆ ಒಂದು ಕವೆಯು ಇನ್ನೊಂದಕ್ಕೆ ಲಂಬವಾಗಿ ಕೂತರೆ? ಆಗ ಕಳೆಯಬೇಕಾದ ಕೀಲು ಕೂಡಿಸತೊಡಗುತ್ತದೆ. ಪಿನಿಯನ್ನಿನ ವೇಗವು 1,744 ಮತ್ತು 1,797ರ ನಡುವೆ ಹೊಯ್ದಾಡುತ್ತದೆ. ಹಲವು ಟನ್ನುಗಳ ಲಾರಿಯು ಸೆಕೆಂಡಿಗೆ 59 ಸಲ ವೇಗವನ್ನು ಬದಲಿಸಲಾರದು. ಆದುದರಿಂದ ಷಾಫ್ಟು ತಿರುಚಿಕೊಂಡು, ಹಲ್ಲುಗಳು ಒಂದನ್ನೊಂದು ಹೊಡೆದು, ಸೆಂಟರ್ ಬೇರಿಂಗು ಚೌಕಟ್ಟನ್ನು ತಳ್ಳಿ, ಇಡೀ ಲಾರಿಯೇ ಗುಯ್ಯೆನ್ನುತ್ತದೆ.

ಬಾಣದ ಗುರುತು

ಊರಿಗೆ ಹಿಂದಿರುಗಿ, ಸಮನೆಲದಲ್ಲಿ ಲಾರಿಯನ್ನು ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡುಗಳನ್ನು ಕೊಟ್ಟು, ಎಂಜಿನ್ನಿನ ಕೀಲಿಕೈಯನ್ನು ಮಾಲಿಕರು ಜೇಬಿಗೆ ಹಾಕಿಕೊಂಡರು. ತಿರುಗುತ್ತಿರುವ ಷಾಫ್ಟಿನ ಕೆಳಗೆ ಯಾರೂ ಎಂದಿಗೂ ಹೋಗಬಾರದು. ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರು ಬಂದಿದ್ದರು. ಅವರೂ ವಿದ್ಯಾರ್ಥಿಯೂ ದೀಪ ಹಿಡಿದು ಕೆಳಗೆ ಹೋದರು. ಒಂದು ನಿಮಿಷವೂ ಆಗಿರಲಿಲ್ಲ, ಕೆಳಗಿನಿಂದ ಮೇಸ್ತ್ರಿಗಳ ದನಿ ಕೇಳಿತು: “ಮೇಷ್ಟ್ರೇ, ಒಂದು ಕವೆ ಮಲಗಿದೆ, ಇನ್ನೊಂದು ನಿಂತಿದೆ!”

ಸ್ಲಿಪ್ ಜಾಯಿಂಟಿನ ಎರಡು ಭಾಗಗಳನ್ನು ಬಿಚ್ಚಿ ಮತ್ತೆ ಸೇರಿಸುವಾಗ ಹಲ್ಲುಗಳು ಯಾವ ಸ್ಥಾನದಲ್ಲಿಯಾದರೂ ಕೂಡಿಕೊಳ್ಳುತ್ತವೆ. ತಪ್ಪಾಗದಿರಲೆಂದು ಎರಡು ಭಾಗಗಳ ಮೇಲೂ ಒಂದೊಂದು ಬಾಣದ ಗುರುತನ್ನು ಕೊರೆದಿರುತ್ತಾರೆ. ಬಾಣಕ್ಕೆ ಬಾಣ ಎದುರಾಗಬೇಕು. ಇಲ್ಲಿ ಯಾರೋ ಷಾಫ್ಟಿಗೆ ಹೊಸ ಬಣ್ಣ ಬಳಿದಿದ್ದರು. ಬಣ್ಣದ ಕೆಳಗೆ ಬಾಣಗಳು ಮುಚ್ಚಿಹೋಗಿದ್ದವು. ಮಾಲಿಕರಿಗೆ ಆಗ ನೆನಪಾಯಿತು: ನಾಲ್ಕು ತಿಂಗಳ ಹಿಂದೆ ದೂರದ ಊರಿನ ಕಾರ್ಖಾನೆಯೊಂದರಲ್ಲಿ ಕ್ರಾಸುಗಳನ್ನು ಬದಲಿಸಿ ಷಾಫ್ಟಿಗೆ ಬಣ್ಣ ಹೊಡೆಸಿದ್ದರು. ಹಾಗಾದರೆ ನಡುಕವು ಅಂದೇ ಕಾಣಿಸಿಕೊಳ್ಳಲಿಲ್ಲವೇಕೆ? ಆ ತಿಂಗಳೆಲ್ಲ ಅವರು ತುಂಬು ಹೊರೆಯಲ್ಲಿ ಓಡಿಸಿದ್ದರು. ಹೊರೆಗೆ ಸ್ಪ್ರಿಂಗು ತಗ್ಗಿ, ಚೌಕಟ್ಟು ಅಚ್ಚಿಗೆ ಹತ್ತಿರವಾಗಿ, ಷಾಫ್ಟಿನ ಓರೆ 4 ಡಿಗ್ರಿಗಳಷ್ಟಕ್ಕೆ ಇಳಿಯುತ್ತದೆ. ವೇಗದ ಏರಿಳಿತವು ಕೋನದ ವರ್ಗಕ್ಕೆ ಅನುಗುಣವಾದುದರಿಂದ 4 ಡಿಗ್ರಿಗಳಲ್ಲಿ ಅದು 7 ಡಿಗ್ರಿಗಳಲ್ಲಿರುವುದರ ಮೂರನೆಯ ಒಂದು ಭಾಗ ಮಾತ್ರ. ಖಾಲಿ ಲಾರಿಯನ್ನು ವೇಗವಾಗಿ ಓಡಿಸಿದ ದಿನವೇ ನಡುಕವು ಎದ್ದು ತೋರಿತು. ಹಳೆಯ ರಿಪೇರಿಗೂ ಅದಕ್ಕೂ ಸಂಬಂಧವಿದ್ದೀತೆಂದು ಯಾರಿಗೂ ಹೊಳೆಯಲಿಲ್ಲ.

ಮೇಸ್ತ್ರಿಗಳು ಷಾಫ್ಟನ್ನು ಇಳಿಸಿ, ಬಣ್ಣವನ್ನು ಕೆರೆದು, ಬಾಣಕ್ಕೆ ಬಾಣವನ್ನು ಹೊಂದಿಸಿ, ಗ್ರೀಸು ತುಂಬಿ, ಮತ್ತೆ ಜೋಡಿಸಿದರು. ಒಂದು ಗಂಟೆಯ ಕೆಲಸ. ಸೆಂಟರ್ ಬೇರಿಂಗಿನ ರಬ್ಬರು ಒಂದು ಕಡೆ ಸೀಳಿದ್ದು ಕಂಡಿತು. ಅದನ್ನೂ ಕೂಡಲೇ ಬದಲಿಸೋಣವೆಂದು ಮಾಲಿಕರು ಹೇಳಿದರು. ನಾವು ಬೇಡವೆಂದೆವು. ಒಂದೇ ಸಲಕ್ಕೆ ಎರಡನ್ನು ಬದಲಿಸಿದರೆ, ಗುಣವು ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಮೊದಲು ಷಾಫ್ಟು ಮಾತ್ರ, ಆಮೇಲೆ ಅಳತೆ.

ಸಂಜೆ ಅದೇ ರಸ್ತೆ, ಅದೇ ಖಾಲಿ ಲಾರಿ, ಅದೇ 58ರ ವೇಗ. ನಕ್ಷೆಯಲ್ಲಿ 59ರ ಬಳಿ ಇದ್ದ ಶಿಖರವು ಕುಗ್ಗಿ, ಎಂಜಿನ್ನಿನ 88.5ರ ಪಕ್ಕದಲ್ಲಿ ಒಂದು ಸಣ್ಣ ದಿಬ್ಬವಾಗಿ ಉಳಿದಿತ್ತು. ತಂದೆಯವರು ಏನನ್ನೂ ಹೇಳಲಿಲ್ಲ. ಕನ್ನಡಿಯಲ್ಲಿ ಹಿಂದೆ ಬರುತ್ತಿದ್ದ ಬಸ್ಸನ್ನು ಎರಡು ಸಲ ನೋಡಿದರು, ವೇಗವನ್ನು 62ಕ್ಕೆ ಏರಿಸಿದರು, ಮತ್ತೆ ನೋಡಿದರು. ಸೀಳಿದ ರಬ್ಬರನ್ನು ಮರುದಿನ ಬದಲಿಸಲಾಯಿತು. ಕ್ರೌನು, ಪಿನಿಯನ್ನುಗಳನ್ನು ಯಾರೂ ಬಿಚ್ಚಲಿಲ್ಲ.

ನೆನಪಿಡಬೇಕಾದುದು

ಎಲ್ಲ ನಡುಕಗಳೂ ಇಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಒಂದೇ ಲಾರಿಯಲ್ಲಿ ಎರಡು ದೋಷಗಳಿರಬಹುದು. ಸಣ್ಣ ತಳ್ಳೊಂದು ಚೌಕಟ್ಟಿನ ಸಹಜ ಕಂಪನಸಂಖ್ಯೆಗೆ ಹೊಂದಿ ಅನುರಣನೆಯಿಂದ ದೊಡ್ಡದಾಗಬಹುದು. ಆದರೂ ಪರೀಕ್ಷೆಯ ಕ್ರಮ ಒಂದೇ. ನಡುಕವು ಯಾವಾಗ ಮೊದಲಾಯಿತು, ಅದಕ್ಕೆ ಮುಂಚೆ ಯಾವ ರಿಪೇರಿ ನಡೆಯಿತು ಎಂಬುದನ್ನು ಕೇಳಬೇಕು. ತಿರುಗುವ ಪ್ರತಿಯೊಂದು ಭಾಗದ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ನಡುಕವನ್ನು ಎಣಿಸಬೇಕು, ಎಣಿಸುವ ಉಪಕರಣವು ಸರಿಯಾಗಿ ಎಣಿಸುತ್ತಿದೆಯೆ ಎಂಬುದನ್ನೂ ಪರೀಕ್ಷಿಸಬೇಕು. ಒಂದನ್ನು ಹಾಗೆಯೇ ಇರಿಸಿ ಇನ್ನೊಂದನ್ನು ಬದಲಿಸಿ ನೋಡಬೇಕು. ಭಾಗಗಳನ್ನು ಬಿಚ್ಚುವುದು ಕಟ್ಟಕಡೆಗೆ.

ಈ ಕ್ರಮದಲ್ಲಿ ಪ್ರೌಢಶಾಲೆಯ ಗಣಿತಕ್ಕೆ ಮೀರಿದುದು ಹೆಚ್ಚೇನೂ ಇಲ್ಲ. ಮುಂದಿನ ವಾರ ತರಗತಿಯಲ್ಲಿ ವಿದ್ಯಾರ್ಥಿಯೇ ಕಪ್ಪುಹಲಗೆಯ ಬಳಿ ನಿಂತು ಆ ಲೆಕ್ಕವನ್ನು ತನ್ನ ಸಹಪಾಠಿಗಳಿಗೆ ಬಿಡಿಸಿ ತೋರಿಸಿದನು. ನಾವು 41ರಲ್ಲಿ ಮೋಸಹೋದ ಸಂಗತಿಯನ್ನೂ ಬಿಡಲಿಲ್ಲ. ಅವನ ತಂದೆಯವರ ಲಾರಿಯಲ್ಲಿ, ಚಾಲಕನ ಆಸನದ ಎದುರಿಗೆ, ಟಿಪ್ಪಣಿ ಪುಸ್ತಕದ ಹಾಳೆಯೊಂದು ಈಗಲೂ ಅಂಟಿಕೊಂಡಿದೆ. ಅದರಲ್ಲಿ ಬರೆದಿರುವುದು ಐದು ಅಂಕಗಳು ಮಾತ್ರ: 5, 29.5, 59, 88.5, 206.